ಬಲಕ್ಕೆ ಸುತ್ತಿದ ಹನಿ

ನಮ್ಮ ಊರಿನಲ್ಲಿ ನೆತ್ತರಿನ ಹನಿ ನೀರಿನಲ್ಲಿ ಕರಗುವುದಿಲ್ಲ. ಕೆರೆಯ ನೀರನ್ನು ಕಂಚಿನ ಬಟ್ಟಲಿಗೆ ತುಂಬಿ, ಬೆರಳ ತುದಿಯಿಂದ ಒಂದು ಹನಿಯನ್ನು ಅದರೊಳಗೆ ಬಿಟ್ಟರೆ ಅದು ಗುಲಗಂಜಿಯಂತೆ ಗುಂಡಗೆ ನಿಂತು, ಕ್ಷಣಕಾಲ ತಡೆದು, ಆಮೇಲೆ ತನ್ನಷ್ಟಕ್ಕೆ ತಾನೇ ಬಟ್ಟಲಿನೊಳಗೆ ಸುತ್ತತೊಡಗುತ್ತದೆ. ಉಸಿರು ಸಲೀಸಾಗಿರುವವರ ಹನಿ ಬಲಕ್ಕೆ ಸುತ್ತುತ್ತದೆ. ಶ್ವಾಸಕೋಶದ ಸಣ್ಣ ನಾಳಗಳು ಬಿಗಿದುಕೊಂಡು ಅಲ್ಲಿ ನೆತ್ತರಿನ ಒತ್ತಡ ಏರಿದವರ ಹನಿ ಎಡಕ್ಕೆ ಸುತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಸುತ್ತಿನ ವೇಗ ಹೆಚ್ಚು. ನಾಡಿ ಹಿಡಿಯುವುದು, ಎದೆಗೆ ಕಿವಿಗೊಡುವುದು, ನಾಲಗೆ ನೋಡುವುದು ಇವೆಲ್ಲ ನಮ್ಮ ವೈದ್ಯರಿಗೆ ಗೊತ್ತಿಲ್ಲವೆಂದಲ್ಲ. ಬಟ್ಟಲಿರುವಾಗ ಅವುಗಳ ಅಗತ್ಯ ಬೀಳುತ್ತಿರಲಿಲ್ಲ.

ದಾರಿಯಲ್ಲಿ ಎದುರಾದವರು ಕುಶಲ ಕೇಳುವುದೂ ಹೀಗೆಯೇ. ಒಬ್ಬರು "ಬಲಕ್ಕೋ?" ಎಂದರೆ ಮತ್ತೊಬ್ಬರು "ಬಲಕ್ಕೇ" ಎನ್ನಬೇಕು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟಿಗಿಂತ ಮೊದಲು ಬಟ್ಟಲನ್ನು ತರಿಸುತ್ತಾರೆ. ಎಡಸುತ್ತಿನವರಿಗೆ ಊರು ಎಂದೂ ಅನಾದರ ತೋರಿದ್ದಿಲ್ಲ. ಅವರಿಗೆ ಏರಿಲ್ಲದ ಕೆಳಗೇರಿಯಲ್ಲಿ ಮನೆ; ದಿನಸಿಯವನು ತಕ್ಕಡಿಯನ್ನು ಅವರ ಬಾಗಿಲಿಗೇ ಹೊತ್ತು ತರುತ್ತಾನೆ. ಬೀದಿಯಲ್ಲಿ ಅವರನ್ನು ಹಿಂದಿಕ್ಕಿ ನಡೆಯುವುದು ಅಸಭ್ಯತೆಯಾದ್ದರಿಂದ, ಎಡಸುತ್ತಿನ ಮುದುಕರೊಬ್ಬರು ಪೇಟೆಗೆ ಹೊರಟರೆ ಅವರ ಬೆನ್ನಿಗೆ ಅರ್ಧ ಊರು ಮೆರವಣಿಗೆಯಂತೆ ನಿಧಾನವಾಗಿ ಸಾಗುತ್ತದೆ. ಹಾಗೆ ಸಾಗುವಾಗ ಹಾಲಿನವಳ ತಂಬಿಗೆಯಲ್ಲಿ ಹಾಲು ಒಡೆದುಹೋದದ್ದೂ ಉಂಟು.

ಹನಿ ತೆಗೆಯುವ ಕ್ರಮ ನನ್ನ ಮುತ್ತಜ್ಜನ ಕಾಲದಿಂದಲೂ ಒಂದೇ. ಬೆಳಗ್ಗೆ ಮಿಂದು, ಬರಿಹೊಟ್ಟೆಯಲ್ಲಿ ಸಾಮಾಯಿಕಕ್ಕೆ ಕೂಡಬೇಕು. ಎಂದರೆ ಒಂದು ಮುಹೂರ್ತಕಾಲ ಅಲುಗದೆ, ರಾಗದ್ವೇಷಗಳನ್ನು ಬದಿಗಿಟ್ಟು, ಸಮಚಿತ್ತದಿಂದ ಧ್ಯಾನದಲ್ಲಿರಬೇಕು. ಎದ್ದ ಕೂಡಲೇ ಬೆರಳು ನೀಡಬೇಕು. ಕೋಪದ ಹನಿ, ಅವಸರದ ಹನಿ, ಆಸೆಯ ಹನಿ ನಂಬಿಕೆಗೆ ಯೋಗ್ಯವಲ್ಲವೆಂಬುದು ಹಿರಿಯರ ಮತ. ಜಿನಧರ್ಮದವರಾದ ನಮಗೆ ಒಂದು ಹನಿ ನೆತ್ತರೂ ಸಣ್ಣ ಮಾತಲ್ಲ. ವೈದ್ಯನು ಬೆಳ್ಳಿಯ ಸೂಜಿಯನ್ನು ಊರುವ ಮುನ್ನ ಕಣ್ಣುಮುಚ್ಚಿ ಆ ಬೆರಳಿನ ಕ್ಷಮೆ ಕೇಳುತ್ತಾನೆ.

ನನ್ನ ಹೆಸರು ಆದಿರಾಜಯ್ಯ. ಬೆಟ್ಟದ ತಪ್ಪಲಿನ ಬಸದಿಗೆ ಸೇರಿದ ಪಾಠಶಾಲೆಯಲ್ಲಿ ಹಳಗನ್ನಡ ಕಾವ್ಯವನ್ನೂ ತರ್ಕವನ್ನೂ ಪಾಠ ಹೇಳುವುದು ನನ್ನ ವೃತ್ತಿ. ನನ್ನ ಹೆಂಡತಿ ಮರುದೇವಿ. ನಮಗೊಬ್ಬನೇ ಮಗ, ನೇಮಿರಾಜ. ಕಂಚಿನ ಪಾತ್ರೆಗಳಿಗೆ ಒಪ್ಪ ಹಾಕುವ ಕೆಲಸದವನು. ಅವನಿಗೆ ನದಿಯಾಚೆಯ ಊರಿನಿಂದ ಹೆಣ್ಣು ತಂದೆವು. ಹುಡುಗಿಯ ಹೆಸರು ಬ್ರಾಹ್ಮಿಲೆ. ಅವಳ ತವರಿನ ಕಡೆ ನೆತ್ತರು ನೀರಿಗೆ ಬಿದ್ದರೆ ಸುಮ್ಮನೆ ಕರಗಿಹೋಗುತ್ತದೆಂದು ಕೇಳಿ ಮರುದೇವಿ ಮರುಕಗೊಂಡಳು.

"ಅಯ್ಯೋ ಪಾಪ, ಹಾಗಾದ್ರೆ ನಿಮ್ಮಲ್ಲಿ ಯಾರಿಗೆ ಏನಾಗಿದೆ ಅಂತ ಹೇಗೆ ಗೊತ್ತಾಗತ್ತೆ?"

"ಕೇಳ್ತೀವಿ, ಅತ್ತೆ," ಎಂದಳು ಬ್ರಾಹ್ಮಿಲೆ.

ಮದುವೆಗೆ ಮುನ್ನ ಅವಳನ್ನು ನಮ್ಮ ಕೆರೆಯ ದಡಕ್ಕೆ ಕರೆತಂದು, ಸಾಮಾಯಿಕ ಮುಗಿಸಿ, ಹನಿ ತೆಗೆಸಿದ್ದೆವು. ಅದು ಬಲಕ್ಕೆ, ದೇವರಿಗೆ ಪ್ರದಕ್ಷಿಣೆ ಬರುವ ಸುಮಂಗಲಿಯಂತೆ ಗಂಭೀರವಾಗಿ ಸುತ್ತಿತು. ಮರುದೇವಿ ಸಕ್ಕರೆ ಹಂಚಿದಳು.

ಸೊಸೆಯಾಗಿ ಬಂದವಳು ವರ್ಷ ತುಂಬುವುದರೊಳಗೆ ಮೀಸಲು ನೀರು ಹೊರಬೇಕೆಂಬುದು ನಮ್ಮಲ್ಲಿಯ ವಾಡಿಕೆ. ಕೆರೆಯಿಂದ ಒಂದು ಕಂಚಿನ ಕೊಡದಲ್ಲಿ ನೀರು ತುಂಬಿ, ಅದನ್ನು ಎಲ್ಲಿಯೂ ಇಳಿಸದೆ, ಇನ್ನೊಬ್ಬರ ಕೈಗೆ ಕೊಡದೆ, ಬೆಟ್ಟದ ಮೆಟ್ಟಿಲುಗಳನ್ನೆಲ್ಲ ಹತ್ತಿ ಮೇಗಣ ಬಸದಿಯ ಸ್ವಾಮಿಯ ಅಭಿಷೇಕಕ್ಕೆ ಸಲ್ಲಿಸಬೇಕು. ಅಂದಿನಿಂದ ಆ ಮನೆಯ ಒಲೆಯೂ ಪೂಜೆಯೂ ಅವಳವು. ಎಡಸುತ್ತಿನ ಸೊಸೆಯಾದರೆ ಬೆಟ್ಟ ಹತ್ತುವಂತಿಲ್ಲ. ಅವಳು ಅದೇ ಕೊಡವನ್ನು ತಪ್ಪಲ ಬಸದಿಗೆ ಸಲ್ಲಿಸಿದರೆ ಸಾಕು, ಪುಣ್ಯ ಸಮಾನ. ಬಲಸುತ್ತಿನವಳು ಹತ್ತಲಾರೆನೆಂದರೆ ಮಾತ್ರ ಅವಳನ್ನು ತವರಿಗೆ ಕಳುಹಿಸುವುದೊಂದೇ ದಾರಿಯೆಂದು ಊರು ತಿಳಿದಿತ್ತು. ದೇಹಕ್ಕೆ ಕೊರತೆಯಿಲ್ಲದಿದ್ದರೆ ಕೊರತೆಯಿರುವುದು ಮನಸ್ಸಿನಲ್ಲಿ ಎಂದು ಅದರ ಲೆಕ್ಕಾಚಾರ.

ಬ್ರಾಹ್ಮಿಲೆಗೆ ಓದಿನಲ್ಲಿ ಆಸಕ್ತಿಯಿತ್ತು. ಸಂಜೆಗೆ ಮುನ್ನ, ಊಟ ಮುಗಿದ ಮೇಲೆ, ಅವಳು ನನ್ನೆದುರು ಕುಳಿತು ಕಂದಪದ್ಯಗಳನ್ನು ಓದುತ್ತಿದ್ದಳು. ಕಂದದಲ್ಲಿ ಮೊದಲ ಸಾಲು ಚಿಕ್ಕದು, ಎರಡನೆಯದು ದೊಡ್ಡದು. ಬಲ್ಲವರು ಎರಡನ್ನೂ ಒಂದೇ ಉಸಿರಿನಲ್ಲಿ ತೇಲಿಸಿಬಿಡುತ್ತಾರೆ. ಬಂದ ಹೊಸತರಲ್ಲಿ ಅವಳೂ ಹಾಗೆಯೇ ಓದುತ್ತಿದ್ದಳು. ಚಳಿ ಇಳಿಯುವ ಹೊತ್ತಿಗೆ ಎರಡನೆಯ ಸಾಲಿನ ನಡುವೆ, ಯತಿಯೂ ಇಲ್ಲದ ಅರ್ಥವೂ ಮುಗಿಯದ ಕಡೆ, ಓದು ತುಂಡಾಗತೊಡಗಿತು. ಅನಂತರ ಮೊದಲ ಸಾಲಿನ ಕೊನೆಗೇ ಅವಳು ಬಾಯಿ ತೆರೆದು ಗಾಳಿ ಎಳೆದುಕೊಳ್ಳಬೇಕಾಯಿತು.

"ಅರ್ಥ ಮುರಿಯುವ ಕಡೆ ನಿಲ್ಲಿಸಬೇಡಮ್ಮ," ಎಂದೆ ಒಮ್ಮೆ.

"ನಾನು ನಿಲ್ಸಿಲ್ಲ, ಮಾವ. ಅದೇ ನಿಂತುಹೋಯ್ತು."

ಓದುವವರ ಉಸಿರನ್ನು ಕೇಳುತ್ತಲೇ ಮುಪ್ಪಾದವನು ನಾನು. ಅಭ್ಯಾಸ ಸಾಲದೆ ತಡವರಿಸುವವನ ಉಸಿರು ಬೇರೆ, ಸೋಮಾರಿಯ ಉಸಿರು ಬೇರೆ. ಬ್ರಾಹ್ಮಿಲೆಯದು ಇವೆರಡೂ ಅಲ್ಲ. ಪದ್ಯ ಬಾಯಿಗೆ ಬರುತ್ತಿತ್ತು, ರಾಗ ತಪ್ಪುತ್ತಿರಲಿಲ್ಲ. ಸಾಲನ್ನು ಹೊರಲು ಬೇಕಾದ ಗಾಳಿ ಮಾತ್ರ ಒದಗುತ್ತಿರಲಿಲ್ಲ. ಅಂಗಳ ಗುಡಿಸುವಾಗ ಅವಳು ನಡುವೆ ಕಂಬ ಹಿಡಿದು ನಿಲ್ಲುವುದನ್ನೂ, ಸಂಜೆಯ ವೇಳೆಗೆ ಪಾದದ ಮೇಲೆ ಕಾಲ್ಗೆಜ್ಜೆ ಒತ್ತಿ ಗೆರೆ ಮೂಡುವುದನ್ನೂ ಕಂಡೆ. ಒಂದು ಬೆಳಗ್ಗೆ ಬಾವಿಯಲ್ಲಿ ನೀರು ಸೇದುತ್ತಿದ್ದವಳು ಹಗ್ಗವನ್ನು ಕೈಬಿಟ್ಟು ಕಟ್ಟೆಗೆ ಒರಗಿ ಕುಸಿದಳು. ಕೊಡ ಬಾವಿಯ ತಳ ಸೇರಿತು. ಎಚ್ಚರವಾದಾಗ ಅವಳು ಮೊದಲು ಹುಡುಕಿದ್ದು ಕೊಡವನ್ನು.

ಮರುದೇವಿ ಅವಳ ಮುಖಕ್ಕೆ ನೀರು ಚಿಮುಕಿಸಿದಳು, ಬೆಲ್ಲದ ಪಾನಕ ಕುಡಿಸಿದಳು. ಎಲ್ಲ ಮುಗಿದ ಮೇಲೆ ಬಾಯಿ ತೆರೆದಳು. "ಬಾವಿ ಹಗ್ಗ ಹಿಡಿದ ಕೂಡ್ಲೇ ಮೂರ್ಛೆ ಬರತ್ತೆ. ಹೋಳಿಗೆ ತಟ್ಟೆ ಹಿಡಿದಾಗ ಯಾಕೋ ಬರಲ್ಲಪ್ಪ!"

"ಅಮ್ಮಾ!" ಎಂದ ನೇಮಿರಾಜ.

"ನೀನು ಸುಮ್ನಿರು. ಹನಿ ಬಲಕ್ಕಿದೆ. ಬಲಕ್ಕಿರೋ ಹೆಣ್ಣಿಗೆ ಏದುಸಿರು ಎಲ್ಲಿಂದ ಬರಬೇಕು? ನಾನು ಕೊಡ ಹೊತ್ತು ಬೆಟ್ಟ ಹತ್ತಿದಾಗ ಒಂದು ತೊಟ್ಟು ತುಳುಕಿರ್ಲಿಲ್ಲ. ಹಾಡ್ತಾ ಹತ್ತಿದ್ದೆ."

ಮರುದೇವಿ ಕೆಟ್ಟವಳಲ್ಲ. ಬಟ್ಟಲಿನಲ್ಲಿ ಕಾಣದ್ದು ಇದ್ದೀತೆಂದು ಯೋಚಿಸುವ ಅಗತ್ಯ ಅವಳಿಗೆ ಅಲ್ಲಿಯತನಕ ಬಿದ್ದಿರಲಿಲ್ಲ.

ನಾನು ವೈದ್ಯ ಪಾಯಣ್ಣನನ್ನು ಕರೆಸಿದೆ. ಹನಿ ನೋಡುವುದರಲ್ಲಿ ಅವನದು ಮೂರನೆಯ ತಲೆಮಾರು; ನಿಷ್ಠಾವಂತ. ಬ್ರಾಹ್ಮಿಲೆ ಮಿಂದು, ಸಾಮಾಯಿಕಕ್ಕೆ ಕುಳಿತು ಎದ್ದಳು. ಅವನು ಬೆರಳಿನ ಕ್ಷಮೆ ಕೇಳಿ ಸೂಜಿ ಊರಿದ. ಹನಿ ತಡೆಯಿತು, ಬಲಕ್ಕೆ ಹೊರಟಿತು.

"ಬಲ," ಎಂದ ಪಾಯಣ್ಣ. "ಮೀಸಲು ನೀರಿನ ಭಯ ಇರಬೇಕು, ಪಂಡಿತ್ರೇ. ಹೊಸಬರಿಗೆ ಹಾಗಾಗೋದುಂಟು."

"ಕುಸಿದು ಬಿದ್ದಳಪ್ಪ."

"ಬಿದ್ದಿರಬಹುದು. ಹನಿ ಸುಳ್ಳು ಹೇಳಲ್ಲ."

"ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಎಲ್ಲವನ್ನೂ ಹೇಳುತ್ತದೆಯೋ?"

ಪಾಯಣ್ಣನಿಗೆ ಪ್ರಶ್ನೆ ಹಿಡಿಸಲಿಲ್ಲ. ಬಟ್ಟಲನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟ. ಅವನು ಬೀದಿ ದಾಟುವುದರೊಳಗೆ ಪಂಡಿತರ ಸೊಸೆಯದು ಬಲಸುತ್ತೇ ಎಂಬುದು ಊರಿಗೆಲ್ಲ ತಿಳಿಯಿತು. ಅವಳಿಗೆ ಮೈಗಳ್ಳತನವೆಂಬುದೂ ಅದರ ಬೆನ್ನಿಗೇ ತಿಳಿಯಿತು. ಮುಂದಿನ ದಿನಗಳಲ್ಲಿ ಹೆಂಗಸರು ಅವಳನ್ನು ಕಂಡರೆ "ಬಲಕ್ಕೋ?" ಎಂದು ನಗುತ್ತ ಕೇಳುವರು. ಅವಳು "ಬಲಕ್ಕೇ" ಎನ್ನುವಷ್ಟರಲ್ಲಿ ಒಮ್ಮೆ ನಿಂತು ಉಸಿರೆಳೆದುಕೊಳ್ಳುವಳು. ಅದಕ್ಕೂ ನಗುವರು.

ನನ್ನ ಕಳವಳಕ್ಕೆ ಬೇರೊಂದು ಕಾರಣವಿತ್ತು. ಹಿಂದೆ ಕೆಲವು ಸೊಸೆಯರು ಮೀಸಲು ನೀರು ಹೊತ್ತು ಹತ್ತುವಾಗ ಮೆಟ್ಟಿಲ ಮೇಲೆಯೇ ಕುಸಿದು ತೀರಿಕೊಂಡದ್ದುಂಟು. ಅವರ ಹನಿಗಳು ಬಲಕ್ಕೇ ಸುತ್ತಿದ್ದವು. ಆದ್ದರಿಂದ ಅವರು ಭಯದಿಂದ ಸತ್ತರೆಂದು ಊರು ತೀರ್ಮಾನಿಸಿ, ಅವರ ಹೆಸರಿನಲ್ಲಿ ಬೆಟ್ಟದ ಬುಡದಲ್ಲಿ ಧೈರ್ಯದ ಪೂಜೆಯೊಂದನ್ನು ಏರ್ಪಡಿಸಿತ್ತು. ಅದು ಆಗಲೂ ನಡೆಯುತ್ತಿತ್ತು. ಬ್ರಾಹ್ಮಿಲೆಯ ವರ್ಷ ತುಂಬುವುದಕ್ಕೆ ಉಳಿದದ್ದು ಕೆಲವೇ ವಾರ.

ಹೆಂಗಸರ ನಗು ಕೇಳಿ ಬಂದ ಒಂದು ಮಧ್ಯಾಹ್ನ ಅವಳನ್ನು ಕೂರಿಸಿಕೊಂಡು, ನದಿಯಾಚೆಯವರು ಕೇಳುವಂತೆ, ಕೇಳಿದೆ. "ಏನಾಗುತ್ತದೆ, ಹೇಳಮ್ಮ."

"ಸುಮ್ನೆ ಕೂತಾಗ ಏನೂ ಇಲ್ಲ, ಮಾವ. ಎದ್ದು ಕೆಲಸ ಹಿಡಿದ್ರೆ ಎದೆ ಮೇಲೆ ಯಾರೋ ಒಳಕಲ್ಲು ಇಟ್ಟ ಹಾಗೆ. ಕಣ್ಣು ಕಪ್ಪಾಗತ್ತೆ. ನಿಂತ್ರೆ ಇಳಿಯತ್ತೆ. ಸಾಮಾಯಿಕಕ್ಕೆ ಕೂತಾಗಂತೂ ನನಗೇ ಅನ್ಸತ್ತೆ, ಏನೂ ಆಗಿಲ್ವೇನೋ, ನಾನೇ ಕಳ್ಳಿಯೇನೋ ಅಂತ."

ಮರುದಿನ ಸಾಮಾಯಿಕಕ್ಕೆ ಕುಳಿತಾಗ ಆ ಮಾತು ನನ್ನನ್ನು ಬಿಡಲಿಲ್ಲ. ಸಮಚಿತ್ತ ಅಂದು ನನಗೆ ಒದಗಲಿಲ್ಲವೆಂದೇ ಹೇಳಬೇಕು. ಉಳಿದ ದಿನಗಳಲ್ಲಿ ಹಾಗೆ ಕುಳಿತಾಗ ನನ್ನ ಮಂಡಿಯ ನೋವೂ ಆ ಒಂದು ಮುಹೂರ್ತ ನನ್ನನ್ನು ಬಿಟ್ಟುಹೋಗಿರುತ್ತದೆ. ಎದ್ದು ಹೊಸ್ತಿಲು ದಾಟಿದೊಡನೆ ಮರಳುತ್ತದೆ. ಕುಳಿತವನ ಮಂಡಿಯನ್ನು ಪರೀಕ್ಷಿಸಿ ಇವನಿಗೆ ನೋವಿಲ್ಲವೆಂದರೆ ಅದು ಸುಳ್ಳಲ್ಲ, ಕುಳಿತಿರುವವರೆಗೆ ನಿಜ. ನಮ್ಮ ಆಚಾರ್ಯರು ಪ್ರತಿ ವಾಕ್ಯಕ್ಕೂ 'ಸ್ಯಾತ್' ಎಂಬುದನ್ನು ಸೇರಿಸಿ ಹೇಳಬೇಕೆಂದು ಕಲಿಸಿದ್ದಾರೆ. ಎಂದರೆ ಒಂದು ದೃಷ್ಟಿಯಿಂದ, ಒಂದು ಸ್ಥಿತಿಯಲ್ಲಿ ಎಂದರ್ಥ. ಬ್ರಾಹ್ಮಿಲೆಯ ಹನಿ ಬಲಕ್ಕೆ ಸುತ್ತಿದ್ದು ವಿಶ್ರಾಂತವಾದ ದೇಹದ ದೃಷ್ಟಿಯಿಂದ. ಬೆಟ್ಟ ಹತ್ತುವ ದೇಹದ ವಿಷಯದಲ್ಲಿ ಅದು ಏನನ್ನೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಪಾಯಣ್ಣನ ಮನೆತನದವರೇ ಹೇಳಿಕೊಡುವ ಪಾಠವನ್ನು ನೆನೆದೆ. ಹನಿ ಶ್ವಾಸಕೋಶದ ಸಾಕ್ಷಿಯಲ್ಲ, ಹೃದಯದ ಸಾಕ್ಷಿ. ಶ್ವಾಸಕೋಶದ ನಾಳ ಬಿಗಿದಾಗ ಹೃದಯದ ಬಲಭಾಗ ಹೆಚ್ಚು ಒತ್ತಿ ತಳ್ಳಬೇಕಾಗುತ್ತದೆ. ಹಾಗೆ ತಳ್ಳಿ ತಳ್ಳಿ ಅದರ ಗೋಡೆ ಹಿಗ್ಗಿದಾಗ ಒಂದು ಸತ್ತ್ವ ನೆತ್ತರಿಗೆ ಇಳಿಯುತ್ತದೆ. ಹನಿಯನ್ನು ಎಡಕ್ಕೆ ತಿರುಗಿಸುವುದು ಆ ಸತ್ತ್ವ. ಹೃದಯ ಎಳೆಯದಾಗಿದ್ದು ಗಟ್ಟಿಯಾಗಿದ್ದರೆ? ಕುಳಿತಿರುವಾಗಿನ ಭಾರವನ್ನು ಅದು ದೂರು ಹೇಳದೆ ಹೊತ್ತೀತು. ನಾಳ ಬಿಗಿದೇ ಇರುತ್ತದೆ, ಹನಿ ಬಲಕ್ಕೇ ಸುತ್ತುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಪಾಠ ಹೇಳುವ ನಾವು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದ ಬೆಂಕಿಯುಂಟೆಂದೂ ಪಾಠ ಹೇಳುತ್ತೇವೆ.

ಹಿರಿಯರ ಸಭೆ ತಪ್ಪಲ ಬಸದಿಯ ಮೊಗಸಾಲೆಯಲ್ಲಿ ಸೇರಿತು. ಯಜಮಾನರು ಬೊಮ್ಮರಸ ಶೆಟ್ಟರು. ಅವರದು ಎಡಸುತ್ತು, ಆದರೆ ಒಂದೇ ಉಸಿರಿನಲ್ಲಿ ಇಡೀ ಊರನ್ನು ಬೈದು ಮುಗಿಸಬಲ್ಲ ಶಕ್ತಿ ಅವರಿಗಿತ್ತು. ನನ್ನ ಕೋರಿಕೆಯನ್ನು ಮುಂದಿಟ್ಟೆ: ಬ್ರಾಹ್ಮಿಲೆಯ ಹನಿಯನ್ನು ಶ್ರಮದ ನಡುವೆ ತೆಗೆದು ನೋಡಬೇಕು.

"ಬೆಟ್ಟದ ಮೇಲೆ ಸೂಜಿ ಹಾಕ್ತೀರಾ?" ಎಂದು ಶೆಟ್ಟರು ಗುಡುಗಿದರು. "ಸ್ವಾಮಿಯ ಬೆಟ್ಟದಲ್ಲಿ ನೆತ್ತರು ಬೀಳೋ ಹಾಗಿಲ್ಲ."

"ಬೆಟ್ಟ ಬೇಡ. ನಮ್ಮ ಅಂಗಳದಲ್ಲಿ ಒರಳಿದೆ. ಭತ್ತ ಕುಟ್ಟಲಿ. ಉಸಿರು ಏರಿದಾಗ ಹನಿ ತೆಗೆಯೋಣ."

ಪಾಯಣ್ಣ ತಲೆಯಾಡಿಸಿದ. "ಸಾಮಾಯಿಕ ಇಲ್ಲದ ಹನಿ ಹನಿಯಲ್ಲ, ಪಂಡಿತ್ರೇ. ನಮ್ಮಜ್ಜ ಇದ್ದಿದ್ರೆ ಬಟ್ಟಲು ಮುಟ್ಟಕ್ಕೂ ಬಿಡ್ತಿರ್ಲಿಲ್ಲ."

"ಕುಟ್ಟೋ ಹೆಂಗಸಿನ ಹನಿ ತೆಗೆದ್ರೆ ಎಡಕ್ಕೆ ಸುತ್ತದೆ ಇನ್ನೇನು ಮಾಡತ್ತೆ?" ಎಂದರು ಶೆಟ್ಟರು. "ಓಡಿ ಬಂದವನದ್ದೂ ಎಡ, ಮೂಟೆ ಹೊತ್ತವನದ್ದೂ ಎಡ. ನಾಳೆ ಊರಿಗೂರೇ ಕೆಳಗೇರಿಗೆ ಬಂದು ಕೂತ್ರೆ ನಾನೆಲ್ಲಿಗೆ ಹೋಗ್ಲಿ?"

ಸಭೆ ನಕ್ಕಿತು. ಆಕ್ಷೇಪ ಸರಿಯಾಗಿಯೇ ಇತ್ತು. "ಅದಕ್ಕೇ ಒಬ್ಬಳನ್ನೇ ಕುಟ್ಟಿಸಬಾರದು," ಎಂದೆ. "ಅದೇ ಒರಳಿನಲ್ಲಿ, ಅದೇ ಹೊತ್ತು, ಸಂದೇಹವಿಲ್ಲದ ಬಲಸುತ್ತಿನವರೊಬ್ಬರು ಜೊತೆಗೆ ಕುಟ್ಟಲಿ. ಇಬ್ಬರದೂ ಎಡಕ್ಕೆ ಸುತ್ತಿದರೆ ದೋಷ ಕುಟ್ಟಿದ್ದರದು; ನಾನು ಮತ್ತೆ ಬಾಯಿ ತೆರೆಯುವುದಿಲ್ಲ. ಅವಳೊಬ್ಬಳದೇ ಎಡಕ್ಕೆ ಸುತ್ತಿದರೆ ಅದಕ್ಕೆ ಬೇರೆ ಕಾರಣ ಹೇಳಲು ಬಾರದು."

"ಎಡಸುತ್ತಿಗೆ ಎದೆ ಬಿಟ್ಟು ಬೇರೆ ಕಾರಣವೇ ಇರಲ್ಲ ಅಂತಿಲ್ಲ," ಎಂದ ಪಾಯಣ್ಣ, ನನಗೆ ಎದುರು ಹೇಳುವ ಭರದಲ್ಲಿ. "ಮೂತ್ರಪಿಂಡ ಸೋತ್ರೂ ಆ ಸತ್ತ್ವ ನೆತ್ತರಲ್ಲಿ ನಿಂತು ಎಡಕ್ಕೆ ಸುತ್ತೋದುಂಟು. ಈಗ ನಮ್ಮ ಶೆಟ್ಟರದ್ದೇ..." ಎಂದು ನಡುವೆ ನಿಲ್ಲಿಸಿದ.

ಶೆಟ್ಟರು ನಿಧಾನವಾಗಿ ಅವನ ಕಡೆ ತಿರುಗಿದರು. "ನಮ್ಮ ಶೆಟ್ಟರದ್ದೇ ಏನು?"

"ಏನಿಲ್ಲ, ಯಜಮಾನ್ರೇ."

"ಇಷ್ಟು ವರ್ಷ ನನ್ನ ಹಿಂದೆ ಊರನ್ನೆಲ್ಲ ಆಮೆ ಹಾಗೆ ನಡೆಸಿದ್ದು ಎದೆಗಲ್ವೇನೋ?"

"ಇರಬಹುದು. ಎರಡೂ ಇರಬಹುದು," ಎಂದು ಪಾಯಣ್ಣ ತನ್ನ ಚೀಲದ ದಾರವನ್ನು ಬಿಗಿಯತೊಡಗಿದ.

ಸಭೆ ಮತ್ತೆ ನಕ್ಕಿತು; ಆ ನಗೆಯ ನಡುವೆ ನನ್ನ ಕೋರಿಕೆಗೆ ಒಪ್ಪಿತು. ಶೆಟ್ಟರು ಕರಾರು ಹೇಳಿದರು: ಹನಿ ಎಡಕ್ಕೆ ಸುತ್ತಿದರೆ ಬೆಟ್ಟವಿಲ್ಲ, ತಪ್ಪಲ ಬಸದಿಯೇ ಸಾಕು. ಬಲಕ್ಕೆ ಸುತ್ತಿದರೆ ಮರುದಿನವೇ ಕೊಡ ಹೊರಬೇಕು; ಇಲ್ಲವೇ ತವರಿಗೆ ಹೊರಡಬೇಕು. "ಜೊತೆಗೆ ಕುಟ್ಟೋರು ಯಾರು?" ಎಂದು ಕೇಳಿದರು. ಹೆಂಗಸರ ಸಾಲಿನಿಂದ ಯಾರೂ ಮುಂದೆ ಬರಲಿಲ್ಲ. ಸಾಮಾಯಿಕವಿಲ್ಲದ ಹನಿ ತೆಗೆಸಿಕೊಂಡು, ಎಲ್ಲಿಯಾದರೂ ಅದು ಎಡಕ್ಕೆ ತಿರುಗಿದರೆ ಎಂಬ ಅಳುಕು ಎಲ್ಲರಿಗೂ.

"ನಾನು ಕುಟ್ತೀನಿ," ಎಂದಳು ಮರುದೇವಿ.

ಸೊಸೆಯ ಮೇಲಿನ ಕರುಣೆಯಿಂದ ಅವಳು ಹಾಗೆಂದಳೆಂದು ಯಾರೂ ತಿಳಿಯಬಾರದು. ಮನೆಗೆ ಬರುವ ದಾರಿಯಲ್ಲಿ ಅವಳೇ ಹೇಳಿದಳು. "ನೀವು ಪುಸ್ತಕ ಓದಿ ಓದಿ ಮೆತ್ತಗಾಗಿದ್ದೀರಿ. ನನ್ನ ಪಕ್ಕ ನಿಂತು ಕುಟ್ಲಿ, ಅವಳಿಗೆ ಉಸಿರಿಲ್ವೋ ಮನಸ್ಸಿಲ್ವೋ ಊರೇ ನೋಡ್ಲಿ."

ಮನೆಯಲ್ಲಿ ಬ್ರಾಹ್ಮಿಲೆ ಬೇರೊಂದನ್ನು ಯೋಚಿಸುತ್ತಿದ್ದಳು. ನೇಮಿರಾಜನೂ ನಾನೂ ಜಗಲಿಯಲ್ಲಿದ್ದೆವು. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಮಾವ, ಎಡಕ್ಕೆ ಸುತ್ತಿದ್ರೆ ಮಕ್ಕಳಾಗಬಾರ್ದು ಅಂತಾರಲ್ಲ, ನಿಜವಾ?"

"ನಿಜ, ತಾಯಿ. ಅಂಥ ಎದೆಗೆ ಬಸಿರು ಬೆಟ್ಟಕ್ಕಿಂತ ಕಡಿದಾದದ್ದು."

"ಬಲಕ್ಕೆ ಸುತ್ತಿದ್ರೆ ಮಾರನೇ ದಿನಾನೇ ಬೆಟ್ಟ."

"ಹೌದು."

ಅವಳು ಗಂಡನ ಕಡೆ ನೋಡಿದಳು. ನೇಮಿರಾಜ ಒಪ್ಪ ಹಾಕುವ ಬೂದಿ ಮೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡು ಕುಳಿತಿದ್ದ. ಸಭೆಯಲ್ಲಿ ಕೊಡವನ್ನು ತಾನು ಹೊರುತ್ತೇನೆಂದು ಕೇಳಿ ನಗೆಗೀಡಾಗಿ ಬಂದಿದ್ದ. "ನೀನು ಇರು," ಎಂದ. "ಮಿಕ್ಕಿದ್ದನ್ನ ಆಮೇಲೆ ನೋಡೋಣ." ಬ್ರಾಹ್ಮಿಲೆ ಸ್ವಲ್ಪ ನಕ್ಕು ಒಳಗೆ ಹೋದಳು. ಅವಳು ಏನನ್ನು ಬಯಸಬೇಕಾಗಿತ್ತೆಂಬುದು ನನ್ನ ತರ್ಕಕ್ಕೆ ಹೊಳೆಯಲಿಲ್ಲ.

ಬೆಳಗ್ಗೆ ಬಿಸಿಲು ಅಂಗಳಕ್ಕಿಳಿದ ಮೇಲೆ ಎಲ್ಲರೂ ಬಂದರು. ಅತ್ತೆ ಸೊಸೆಯರು ಭತ್ತವನ್ನು ಮೊರದಲ್ಲಿ ಹರಡಿ, ಹುಳುವೊಂದೂ ಉಳಿಯದಂತೆ ಆರಿಸಿ ಒರಳಿಗೆ ಸುರಿದರು. ಪಾಯಣ್ಣ ಎರಡು ಬಟ್ಟಲುಗಳಲ್ಲಿ ಕೆರೆಯ ನೀರು ತುಂಬಿ ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲಿಟ್ಟ. ಶೆಟ್ಟರನ್ನು ಹಿಂಬಾಲಿಸಿ ಬಂದವರು ಅಭ್ಯಾಸಬಲದಿಂದ ಇನ್ನೂ ನಿಧಾನವಾಗಿಯೇ ಒಳಗೆ ಬರುತ್ತಿದ್ದರು.

ಒಂದೇ ಒರಳಿಗೆ ಇಬ್ಬರು ಕುಟ್ಟುವಾಗ ಒಂದು ಒನಕೆ ಏಳುವಾಗ ಇನ್ನೊಂದು ಬೀಳಬೇಕು. ಮರುದೇವಿ ಸೀರೆಯ ಸೆರಗನ್ನು ಬಿಗಿದು ಮೊದಲ ಪೆಟ್ಟು ಹಾಕಿದಳು. ಬ್ರಾಹ್ಮಿಲೆ ಎರಡನೆಯದನ್ನು ಹಾಕಿದಳು. ಸ್ವಲ್ಪ ಹೊತ್ತು ಲಯ ಚೆನ್ನಾಗಿ ಕೂಡಿಬಂದಿತು. ನೋಡುತ್ತಿದ್ದ ಹೆಂಗಸರು ತಲೆದೂಗಿದರು. ಮರುದೇವಿ ವೇಗ ಏರಿಸಿದಳು.

"ಬೀಸಿ ಹಾಕೇ. ಒನಕೆಗೆ ಮುತ್ತಿಡ್ತಾ ಇದ್ದೀಯಾ?"

"ಹಾಕ್ತಿದ್ದೀನಿ, ಅತ್ತೆ."

"ಎಲ್ಲಿ? ಭತ್ತ ಇನ್ನೂ ನಿದ್ದೆ ಮಾಡ್ತಿದೆ."

ಬ್ರಾಹ್ಮಿಲೆಯ ಒನಕೆ ತಡವಾಗಿ ಬೀಳತೊಡಗಿತು. ಛಂದಸ್ಸು ಬಲ್ಲ ಕಿವಿಗೆ ಅದು ಕೂಡಲೇ ತಿಳಿಯಿತು: ಒಂದು ಪೆಟ್ಟು, ಒಂದು ಲೋಪ, ಮತ್ತೆ ಒಂದು ಪೆಟ್ಟು. ಮರುದೇವಿಯ ಒನಕೆ ಒಮ್ಮೆ ಬರಿಯ ಗಾಳಿಯಲ್ಲಿ ಕಾಯಬೇಕಾಯಿತು. ಅವಳು ಸೊಸೆಯ ಮುಖ ನೋಡಿದಳು. ಮುಂದೆ ಮತ್ತೆ ಕೆಣಕಲಿಲ್ಲ. ಯಾರಿಗೂ ಕಾಣದಂತೆ ತನ್ನ ಪೆಟ್ಟನ್ನೇ ನಿಧಾನಗೊಳಿಸಿದಳು, ಇನ್ನೂ ನಿಧಾನಗೊಳಿಸಿದಳು, ಸೊಸೆಯ ಒನಕೆ ಏಳುವವರೆಗೆ ತನ್ನದನ್ನು ಎತ್ತಿ ಹಿಡಿದು ಕಾದಳು. ಪಂದ್ಯ ಹೂಡಿ ನಿಂತವಳು ಹಾಗೇಕೆ ಮಾಡಿದಳೆಂದು ನಾನು ಆಮೇಲೆಯೂ ಅವಳನ್ನು ಕೇಳಿಲ್ಲ.

"ಸಾಕು," ಎಂದ ಪಾಯಣ್ಣ. ಮೊದಲು ಮರುದೇವಿಯ ಬೆರಳಿನ ಕ್ಷಮೆ ಕೇಳಿದ. ಅವಳ ಹನಿ ನೀರಿಗೆ ಬಿದ್ದು ಬಹಳ ಹೊತ್ತು ಅಲುಗದೆ ನಿಂತಿತು. ಒಮ್ಮೆ ಎಡಕ್ಕೆ ವಾಲಿತು. ಗುಂಪಿನಲ್ಲಿ ಯಾರೋ "ಜಿನೇಂದ್ರಾ" ಎಂದರು. ಅನಂತರ ಹನಿ ಬಲಕ್ಕೆ ಹೊರಟು ನೆಮ್ಮದಿಯಾಗಿ ಸುತ್ತಿತು. ಪಾಯಣ್ಣ ಬ್ರಾಹ್ಮಿಲೆಯ ಕಡೆ ತಿರುಗಿ ಅವಳ ಬೆರಳು ಹಿಡಿದ. ಕ್ಷಮೆ ಕೇಳಲು ಕಣ್ಣು ಮುಚ್ಚಿದವನು ಎಂದಿಗಿಂತ ತಡವಾಗಿ ತೆರೆದ.

ಹನಿ ಬಿತ್ತು. ಅದು ತಡೆಯಲೇ ಇಲ್ಲ. ನೀರು ಮುಟ್ಟುತ್ತಲೇ ಎಡಕ್ಕೆ ತಿರುಗಿ, ಬಟ್ಟಲಿನ ಅಂಚಿಗೆ ಹೋಗಿ, ಕಂಚನ್ನು ಸವರುವಷ್ಟು ಹತ್ತಿರದಲ್ಲಿ, ಕಣ್ಣು ಹಿಂಬಾಲಿಸಲಾಗದ ವೇಗದಲ್ಲಿ ಸುತ್ತತೊಡಗಿತು. ಒಂದು ಕೆಂಪು ಗೆರೆಯಂತೆ ಮಾತ್ರ ಕಾಣುತ್ತಿತ್ತು.

"ಇನ್ನೊಂದು ತೆಗಿ," ಎಂದರು ಶೆಟ್ಟರು.

ಇನ್ನೊಂದೂ ಎಡಕ್ಕೆ ಹೋಯಿತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬೆಟ್ಟವಿಲ್ಲ, ತಪ್ಪಲ ಬಸದಿಯೇ ಸಾಕೆಂದು ಶೆಟ್ಟರು ಘೋಷಿಸಿದ್ದು ಆ ಗದ್ದಲದಲ್ಲಿ ಅರ್ಧ ಜನಕ್ಕೆ ಕೇಳಿಸಲಿಲ್ಲ. ಪಾಯಣ್ಣ ಬಟ್ಟಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಹಾಗಾದ್ರೆ ಬಲಸುತ್ತಿನವರನ್ನೆಲ್ಲ ಮತ್ತೆ ನೋಡ್ಬೇಕಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೆಟ್ಟಿಲ ಮೇಲೆ ಮಗಳನ್ನು ಕಳೆದುಕೊಂಡ ಮುದುಕಿಯೊಬ್ಬಳು ಗುಂಪನ್ನು ಸೀಳಿಕೊಂಡು ಬಂದು ಆ ಕೆಂಪು ಗೆರೆಯನ್ನು ನೋಡುತ್ತ ನಿಂತಳು. ನೇಮಿರಾಜ ನೋಡುತ್ತಿದ್ದ. ಸರಿಯಾಗಿ ಊಹಿಸಿದೆನೆಂಬ ಹೆಮ್ಮೆಯೂ, ಊಹೆ ಸರಿಯಾಯಿತಲ್ಲಾ ಎಂಬ ಸಂಕಟವೂ ಒಟ್ಟಿಗೇ ಮೇಲೆದ್ದು, ನಾನೂ ಬಟ್ಟಲನ್ನೇ ನೋಡುತ್ತಿದ್ದೆ. ಅಂಗಳದಲ್ಲಿದ್ದ ತಲೆಗಳೆಲ್ಲ ಆ ಒಂದು ಹನಿಯ ಮೇಲೆ ಬಾಗಿದ್ದವು.

"ಅತ್ತೆ," ಎಂದು ಹಿಂದಿನಿಂದ ಒಂದು ಸಣ್ಣ ದನಿ ಬಂತು. "ಇನ್ನು ಕೂತ್ಕೊಳ್ಳಲಾ?"

ತಿರುಗಿ ನೋಡಿದೆ. ಬ್ರಾಹ್ಮಿಲೆ ಒರಳಿನ ಬಳಿಯಲ್ಲಿಯೇ, ಒನಕೆಯನ್ನು ನೆಲಕ್ಕೂರಿ, ಅದರ ಆಸರೆಯಲ್ಲಿ ನಿಂತಿದ್ದಳು. ತುಟಿಗಳು ನೇರಳೆ ತಿಂದವರ ತುಟಿಗಳಂತಾಗಿದ್ದವು. ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಇವು ಯಾವುದನ್ನು ನೋಡುವುದಕ್ಕೂ ಬಟ್ಟಲು ಬೇಕಾಗಿರಲಿಲ್ಲ.

ಮರುದೇವಿ ಸೊಸೆಯ ಕೈಯಿಂದ ಒನಕೆಯನ್ನು ಬಿಡಿಸಿ ಗೋಡೆಗೆ ಒರಗಿಸಿದಳು. ಅತ್ತೆ ನಿಂತಿರುವಾಗ ಸೊಸೆ ಕೂರುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ, ಯಜಮಾನರೂ ಊರೂ ನೋಡುತ್ತಿರಲು, ತೌಡು ಚೆಲ್ಲಿದ್ದ ಆ ನೆಲದ ಮೇಲೆ ಮೊದಲು ತಾನೇ ಕುಳಿತಳು.